ಕಲ್ಲಿನ ಕನ್ನಡಿಯಲ್ಲಿ ತಲೆಕೆಳಗಾದ ಪುಟ್ಟಿ

ಹಾಸನದ ನಿಲ್ದಾಣದಿಂದ ಬೇಲೂರಿನ ಕೆಂಪು ಬಸ್ಸು ಹೊರಟಾಗ ಬೆಳಗಿನ ಎಂಟು ಗಂಟೆ. ದಸರಾ ರಜೆ. ಡ್ರೈವರ್ ಹಿಂದಿನ ಸೀಟೇ ಬೇಕೆಂದು ಹಠ ಹಿಡಿದು ಕೂತಿದ್ದ ನನ್ನ ಮಗಳು ಪುಟ್ಟಿ ಕಿಟಕಿಯ ಕಡೆ ನೋಡಲೇ ಇಲ್ಲ. ಅವಳ ದೃಷ್ಟಿಯೆಲ್ಲ ಡ್ರೈವರ್ ತಲೆಯ ಮೇಲಿದ್ದ ಉದ್ದನೆಯ ಕನ್ನಡಿಯ ಮೇಲೆ. ಅದರಲ್ಲಿ ಡ್ರೈವರರ ಎರಡು ಕಣ್ಣು, ಒಂದು ಮೂಗು, ಅರ್ಧ ಮೀಸೆ ಕಾಣುತ್ತಿದ್ದವು. ಸ್ವಲ್ಪ ಹೊತ್ತು ನೋಡಿದವಳು ಮೆಲ್ಲಗೆ ನಾಲಿಗೆ ಚಾಚಿದಳು. ಕನ್ನಡಿಯೊಳಗಿನ ಮೀಸೆ ನಕ್ಕಿತು. ಪುಟ್ಟಿ ಬೆಚ್ಚಿ ನನ್ನ ತೋಳಿನ ಹಿಂದೆ ಅಡಗಿಕೊಂಡಳು.

"ಅಪ್ಪಾ, ಅವ್ರು ಮುಂದೆ ನೋಡ್ತಿದಾರಲ್ಲ, ಅವ್ರಿಗೆ ಹೆಂಗೆ ಗೊತ್ತಾಯ್ತು?"

ಬಸ್ಸಿನಲ್ಲಿ ಕೂತಾಗ ನೀವೂ ಇದನ್ನು ನೋಡಿ. ಕನ್ನಡಿಯಲ್ಲಿ ನಿಮಗೆ ಡ್ರೈವರರ ಕಣ್ಣು ಕಂಡರೆ ಅವರಿಗೂ ನಿಮ್ಮ ಕಣ್ಣು ಕಂಡೇ ಕಾಣುತ್ತದೆ. ಅವರ ಕಣ್ಣಿನಿಂದ ಹೊರಟ ಬೆಳಕು ಕನ್ನಡಿಗೆ ಬಡಿದು ಯಾವ ದಾರಿಯಲ್ಲಿ ನಿಮ್ಮತ್ತ ಬಂತೋ, ಅದೇ ದಾರಿಯಲ್ಲಿ ನಿಮ್ಮಿಂದ ಹೊರಟ ಬೆಳಕು ಅವರನ್ನು ತಲಪುತ್ತದೆ. ಗೋಡೆಗೆ ಚೆಂಡು ಎಸೆದರೆ ಎಷ್ಟು ಓರೆಯಾಗಿ ಹೋಗಿ ಬಡಿಯುತ್ತದೋ ಅಷ್ಟೇ ಓರೆಯಾಗಿ ಆಚೆ ಕಡೆ ಪುಟಿಯುತ್ತದಲ್ಲ, ಬೆಳಕೂ ಹಾಗೆಯೇ. ಪಾಠದ ಪುಸ್ತಕದಲ್ಲಿ ಇದಕ್ಕೆ ಪತನ ಕೋನ, ಪ್ರತಿಫಲನ ಕೋನ ಎಂಬ ದೊಡ್ಡ ಹೆಸರುಗಳಿವೆ. ಎರಡೂ ಸಮ ಎನ್ನುವುದಷ್ಟೇ ವಿಷಯ.

ಅಂದಿನ ಪ್ರಯಾಣ ಹೊರಟದ್ದೇ ಕನ್ನಡಿಯ ಕಾರಣದಿಂದ. ಅದನ್ನು ಮೊದಲು ಹೇಳಬೇಕು.

ಪುಟ್ಟಿ ಎರಡನೇ ಕ್ಲಾಸು. ಅವಳು ಬರೆಯುವ 3 ಬಲಕ್ಕೆ ಉಬ್ಬುವ ಬದಲು ಎಡಕ್ಕೆ ಉಬ್ಬುತ್ತದೆ. 7 ಹಿಂದುಮುಂದು. ಕೆಲವು ದಿನ ಹೆಸರಿನ 'ಪು' ಕೂಡ ತಿರುಗಿ ಕೂರುತ್ತದೆ. ನೋಟ್‌ಬುಕ್ಕಿನ ಪುಟಪುಟದಲ್ಲೂ ಕೆಂಪು ಶಾಯಿ. 'ಗಮನವಿಲ್ಲ', 'ಸರಿಯಾಗಿ ನೋಡಿ ಬರೆಯುವುದಿಲ್ಲ' ಎಂಬ ಷರಾ ಬೇರೆ. ಶಾಲೆಯವರನ್ನು ಅಂದು ಏನು ಪ್ರಯೋಜನ, ಮನೆಯಲ್ಲಿ ನಾನೂ ಅದನ್ನೇ ಅನ್ನುತ್ತಿದ್ದೆ. "ಸರಿಯಾಗಿ ನೋಡು, ಸರಿಯಾಗಿ ನೋಡು." ಒಂದು ರಾತ್ರಿ ಸ್ವಲ್ಪ ಜೋರಾಗಿಯೇ ಅಂದುಬಿಟ್ಟೆ. ಮರುದಿನದಿಂದ ಅವಳು ಪೆನ್ಸಿಲ್ ಮುಟ್ಟುವುದನ್ನೇ ಬಿಟ್ಟಳು. ಗೋಡೆಯ ಮೇಲೆ ಗೀಚುವುದನ್ನೂ ಬಿಟ್ಟಳು. ಗೋಡೆ ಶುಭ್ರವಾಗಿರುವುದು ಕೂಡ ಸಂಕಟ ಕೊಡಬಹುದೆಂದು ನನಗೆ ಆಗಲೇ ತಿಳಿದದ್ದು.

ರಜೆಗೆಂದು ಹಾಸನದ ಅಕ್ಕನ ಮನೆಗೆ ಬಂದ ರಾತ್ರಿ ಅವಳಿಗೆ ಎಲ್ಲ ಹೇಳಿಕೊಂಡೆ. ಅಕ್ಕ ಮೂವತ್ತು ವರ್ಷ ಮಾಧ್ಯಮಿಕ ಶಾಲೆಯಲ್ಲಿ ವಿಜ್ಞಾನ ಹೇಳಿದವಳು. ನೋಟ್‌ಬುಕ್ ತಿರುವಿ ಹಾಕಿ, "ಲೋ, ಈ ವಯಸ್ಸಿನ ಎಷ್ಟೋ ಮಕ್ಕಳು ಹಿಂಗೇ ಬರೀತವೆ. ಬಹಳಷ್ಟು ಮಕ್ಕಳಿಗೆ ತಾನಾಗೇ ಹೋಗುತ್ತೆ. ಲೋಟದ ಹಿಡಿ ಎಡಕ್ಕಿದ್ರೂ ಅದು ಲೋಟ, ಬಲಕ್ಕಿದ್ರೂ ಲೋಟ. ಹುಟ್ಟಿದಾಗಿಂದ ಅದು ನೋಡಿರೋ ಪ್ರಪಂಚವೇ ಹಂಗೆ. ಈ ಅಕ್ಷರ ಒಂದು ಮಾತ್ರ ಎಡಕ್ಕೆ ತಿರುಗಿದ್ರೆ ತಪ್ಪು ಅಂತೀವಿ. ಮಗೂಗೆ ಅದು ವಿಚಿತ್ರ ಅನ್ನಿಸಲ್ವೇನೋ?" ಎಂದಳು. ನಾನು ಸುಮ್ಮನಾದೆ.

ಆಮೇಲೆ ಪುಟ್ಟಿಯನ್ನು ಕರೆದು ಬೀರುವಿನ ಕನ್ನಡಿಯ ಮುಂದೆ ನಿಲ್ಲಿಸಿ ಅವಳ ನೋಟ್‌ಬುಕ್ ಹಿಡಿದಳು. ಹಿಂದುಮುಂದಾದ 3 ಕನ್ನಡಿಯೊಳಗೆ ಠೀವಿಯಿಂದ ಸರಿಯಾಗಿ ನಿಂತಿತ್ತು. "ನೋಡೇ ಚಿನ್ನ, ನೀನು ಕನ್ನಡಿಗೆ ಅಂತ ಬರ್ದಿದೀಯ. ಆಂಬುಲೆನ್ಸ್ ಮುಂದೆ ಅಕ್ಷರ ಹಿಂಗೇ ತಿರುಗಿಸಿ ಬರೆದಿರ್ತಾರೆ, ಯಾಕ್ ಗೊತ್ತಾ? ಮುಂದೆ ಹೋಗೋ ಡ್ರೈವರ್‌ಗೆ ಕನ್ನಡೀಲಿ ಸರಿಯಾಗಿ ಓದೋಕೆ ಸಿಗಲಿ ಅಂತ." ಇಟಲಿಯ ಮಹಾ ಚಿತ್ರಕಾರ ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿ ಪುಸ್ತಕಗಳ ಬಹುಭಾಗವನ್ನು ಹೀಗೆ ಬಲದಿಂದ ಎಡಕ್ಕೆ ತಿರುಗಿಸಿಯೇ ಬರೆದಿದ್ದ ಎಂದೂ ಸೇರಿಸಿದಳು. ಪುಟ್ಟಿಗೆ ಲಿಯೊನಾರ್ಡೊ ಬೇಕಾಗಿರಲಿಲ್ಲ. ಆಂಬುಲೆನ್ಸ್ ಹಿಡಿಸಿತು.

"ಕನ್ನಡಿ ಯಾಕತ್ತೆ ಎಡಬಲ ತಿರುಗಿಸುತ್ತೆ? ಮೇಲೆ ಕೆಳಗೆ ಯಾಕೆ ತಿರುಗಿಸಲ್ಲ?"

ಈ ಪ್ರಶ್ನೆಗೆ ನಾನಾದರೆ ತಡವರಿಸುತ್ತಿದ್ದೆ. ಅಕ್ಕ ಒಂದು ಪಾರದರ್ಶಕ ಪ್ಲಾಸ್ಟಿಕ್ ಕವರು ತಂದು ಅದರ ಮೇಲೆ ಮಾರ್ಕರಿನಿಂದ ದಪ್ಪಗೆ 'ಕ' ಬರೆದಳು. ಅದನ್ನು ತಿರುಗಿಸದೆ, ನಾವು ಓದುವ ಹಾಗೆಯೇ ಕನ್ನಡಿಯ ಮುಂದೆ ಹಿಡಿದಳು. ಕೈಯಲ್ಲಿರುವ 'ಕ' ಸರಿ, ಕವರಿನ ಮೂಲಕ ಕನ್ನಡಿಯಲ್ಲಿ ಕಾಣುವ 'ಕ'ವೂ ಸರಿ! ಕನ್ನಡಿ ಏನನ್ನೂ ತಿರುಗಿಸಿರಲಿಲ್ಲ. ಬಲಗಡೆ ಇದ್ದದ್ದನ್ನು ಬಲಗಡೆಯೇ, ಮೇಲಿದ್ದದ್ದನ್ನು ಮೇಲೆಯೇ ತೋರಿಸಿತ್ತು. ಹಾಗಾದರೆ ಪುಸ್ತಕದ ಅಕ್ಷರ ಏಕೆ ತಿರುಗುತ್ತದೆ? ಪುಸ್ತಕವನ್ನು ಕನ್ನಡಿಯ ಕಡೆಗೆ ತಿರುಗಿಸಿದವರು ನಾವು. ಪುಟದ ಎಡ ಅಂಚನ್ನು ಬಲಕ್ಕೆ ತಂದದ್ದು ನಮ್ಮ ಕೈ. ಅಪವಾದ ಮಾತ್ರ ಕನ್ನಡಿಯ ಮೇಲೆ.

ಮಟ್ಟಸವಾದ ಕನ್ನಡಿ ನಿಜಕ್ಕೂ ಮಾಡುವುದು ಒಂದೇ ಕೆಲಸ, ಮುಂದಿದ್ದುದನ್ನು ಅಷ್ಟೇ ದೂರ ಹಿಂದೆ ತೋರಿಸುವುದು. ನೀವು ಎರಡು ಅಡಿ ಮುಂದೆ ನಿಂತರೆ ನಿಮ್ಮ ಪ್ರತಿಬಿಂಬ ಎರಡು ಅಡಿ ಹಿಂದೆ, ನಿಮ್ಮಷ್ಟೇ ದೊಡ್ಡದಾಗಿ. ಅಲ್ಲಿ ಹಿಂದೆ ಇರುವುದು ಬರೀ ಸೀರೆಗಳು. ಬೆಳಕು ಅಲ್ಲಿಗೆ ಹೋಗಿಯೇ ಇಲ್ಲ. ಅಲ್ಲಿಂದ ಬಂದ ಹಾಗೆ ಕಣ್ಣಿಗೆ ತೋರುತ್ತದೆ, ಅಷ್ಟೆ. ಅದಕ್ಕೇ ಅದನ್ನು ಮಿಥ್ಯ ಪ್ರತಿಬಿಂಬ ಅನ್ನುತ್ತಾರೆ. (ತಲೆಯಿಂದ ಕಾಲಿನವರೆಗೆ ಕಾಣಬೇಕಾದರೂ ಆಳೆತ್ತರದ ಕನ್ನಡಿ ಕೊಳ್ಳಬೇಕಾಗಿಲ್ಲ, ನಿಮ್ಮ ಎತ್ತರದ ಅರ್ಧದಷ್ಟಿದ್ದರೆ ಸಾಕು. ಸರಿಯಾದ ಎತ್ತರದಲ್ಲಿ ತೂಗುಹಾಕಬೇಕು. ಹೊಸದಾಗಿ ಮನೆ ಮಾಡುವವರಿಗೆ ಈ ಮಾತು.)

"ನಾಳೆ ಇವಳನ್ನ ಹಳೇಬೀಡಿನ ಬಸದಿಗೆ ಕರಕೊಂಡು ಹೋಗು. ಕಲ್ಲಿನ ಕನ್ನಡಿ ನೋಡಲಿ. ನನ್ನ ಮಂಡಿ ಬರಲ್ಲ ಅನ್ನುತ್ತೆ, ನಾನು ಬರಲ್ಲ," ಎಂದಳು ಅಕ್ಕ.

ಹಾಗಾಗಿ ಈ ಬಸ್ಸು, ಈ ಸೀಟು.

ಬೇಲೂರಿಗೆ ಹಾಸನದಿಂದ ಸುಮಾರು 40 ಕಿಲೋಮೀಟರ್. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿಯ ಬಗ್ಗೆ ನಾನು ಹೊಸದಾಗಿ ಹೇಳುವುದೇನಿದೆ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನ ಇನ್ನೂ ಹೆಚ್ಚಾಗಿದ್ದಾರೆ. ನಾವು ಜನರ ನಡುವೆ ನುಸುಳಿ ಹುಡುಕಿದ್ದು ಒಬ್ಬಳನ್ನು ಮಾತ್ರ, ದರ್ಪಣ ಸುಂದರಿಯನ್ನು. ಮಾಡಿನ ಕೆಳಗೆ ಓರೆಯಾಗಿ ನಿಂತು, ಕೈಯಲ್ಲಿ ದುಂಡನೆಯ ಕನ್ನಡಿ ಹಿಡಿದು ತನ್ನ ಮುಖವನ್ನೇ ನೋಡಿಕೊಳ್ಳುತ್ತಿರುವ ಮದನಿಕೆ. ಒಂಬತ್ತು ನೂರು ವರ್ಷದಿಂದ ಅಲಂಕಾರ ಮುಗಿದಿಲ್ಲ.

"ಕನ್ನಡೀಲಿ ಅವಳ ಮುಖ ಕಾಣ್ತಾನೇ ಇಲ್ಲ," ಎಂದಳು ಪುಟ್ಟಿ, ಕತ್ತು ಹಿಂದಕ್ಕೆ ಬಾಗಿಸಿ. ಆಮೇಲೆ ತಾನೇ, "ಅವಳಿಗೆ ನಾವೂ ಕಾಣ್ತಿಲ್ಲ ಬಿಡು. ಡ್ರೈವರ್ ಮಾಮನ ಥರ," ಎಂದಳು. ಬಸ್ಸಿನ ಪಾಠ ಒಳಗೆ ಇಳಿದಿತ್ತು.

ಆ ಕಾಲದಲ್ಲಿ ಈಗಿನ ಹಾಗೆ ಬೆಳ್ಳಿ ಬಳಿದ ಗಾಜಿನ ಕನ್ನಡಿ ಇರಲಿಲ್ಲ. ಗಾಜಿನ ಹಿಂದೆ ತೆಳ್ಳಗೆ ಬೆಳ್ಳಿ ಲೇಪಿಸುವ ರಾಸಾಯನಿಕ ವಿಧಾನವನ್ನು ಜರ್ಮನಿಯ ಲೀಬಿಗ್ ಕಂಡುಕೊಂಡದ್ದು 1835ರಲ್ಲಿ. ಅದಕ್ಕೂ ಬಹಳ ಹಿಂದಿನ ಈ ಸುಂದರಿಯ ಕಾಲದವರು ನೋಡಿಕೊಂಡದ್ದು ಉಜ್ಜಿ ಹೊಳಪಿಸಿದ ಲೋಹದಲ್ಲಿ. ಕೇರಳದ ಆರನ್ಮುಳದಲ್ಲಿ ಇಂದಿಗೂ ತಾಮ್ರ, ತವರ ಬೆರೆಸಿ ಎರಕ ಹೊಯ್ದು, ದಿನಗಟ್ಟಲೆ ಉಜ್ಜಿ ಅಂಥ ಕನ್ನಡಿ ಮಾಡುತ್ತಾರೆ. ಕನ್ನಡಿಗೆ ಗಾಜು ಬೇಕೇ ಬೇಕೆಂದಿಲ್ಲ. ಮೈ ನಯವಾಗಿರಬೇಕು. ಎಷ್ಟು ನಯ ಎಂದರೆ ಬಂದ ಬೆಳಕು ಚೆಲ್ಲಾಪಿಲ್ಲಿಯಾಗದೆ ಸಾಲಾಗಿ ಪುಟಿಯುವಷ್ಟು.

ಬೇಲೂರಿನಿಂದ ಹಳೇಬೀಡಿಗೆ 16 ಕಿಲೋಮೀಟರ್. ಹೊಯ್ಸಳರ ರಾಜಧಾನಿ ದೋರಸಮುದ್ರ ಇದೇ. ಹೊಯ್ಸಳೇಶ್ವರನ ಗೋಡೆಗಳನ್ನು ನೋಡಲು ಒಂದು ದಿನ ಸಾಲದು, ನಾವು ಒಂದು ಗಂಟೆಯಲ್ಲಿ ಮುಗಿಸಿದೆವು. ಆ ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ಅಕ್ಕ ಕಟ್ಟಿಕೊಟ್ಟಿದ್ದ ಚಿತ್ರಾನ್ನವನ್ನು ಮರದ ನೆರಳಲ್ಲಿ ತಿಂದು, ಬಸ್ತಿಹಳ್ಳಿಯ ಕಡೆ ನಡೆದೆವು. ಹತ್ತು ನಿಮಿಷದ ದಾರಿ. ಗೌಜು ಗದ್ದಲ ಎಲ್ಲ ಹಿಂದೆ ಉಳಿಯಿತು. ಹುಲ್ಲು ಹಾಸಿನ ಅಂಗಳದಲ್ಲಿ ಮೂರು ಬಸದಿಗಳು, ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ಹೊರಗಿನಿಂದ ನೋಡಿದರೆ ಬಹಳ ಸರಳ. ಹೊಯ್ಸಳೇಶ್ವರನನ್ನು ನೋಡಿ ಬಂದ ಕಣ್ಣಿಗೆ ಇವು ಬರೀ ಗೋಡೆ. ಎಷ್ಟೋ ಜನ ಇಲ್ಲಿಗೆ ಬರುವುದೇ ಇಲ್ಲ.

ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪದೇವ, ತೀರಿಹೋದ ತಂದೆ ಗಂಗರಾಜನ ನೆನಪಿಗೆ. ಗಂಗರಾಜ ವಿಷ್ಣುವರ್ಧನನ ದಂಡನಾಯಕ. ಬಸದಿಯ ಪ್ರಸಾದ ತಲಪಿದ ಹೊತ್ತಿನಲ್ಲಿ ವಿಷ್ಣುವರ್ಧನನಿಗೆ ಯುದ್ಧದಲ್ಲಿ ಗೆಲುವೂ ಆಗಿತ್ತು, ಮಗನೂ ಹುಟ್ಟಿದ್ದನಂತೆ. ಸಂತೋಷಗೊಂಡ ರಾಜ ಇಲ್ಲಿನ ದೇವರಿಗೆ ವಿಜಯ ಪಾರ್ಶ್ವನಾಥ ಎಂದೂ ಮಗನಿಗೆ ವಿಜಯ ನರಸಿಂಹ ಎಂದೂ ಹೆಸರಿಟ್ಟ. ಒಳಗೆ ಗರ್ಭಗುಡಿಯಲ್ಲಿ ಏಳು ಹೆಡೆಯ ಸರ್ಪದ ನೆರಳಲ್ಲಿ ಸುಮಾರು 18 ಅಡಿ ಎತ್ತರದ ಪಾರ್ಶ್ವನಾಥ ನಿಂತಿದ್ದಾನೆ. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಮೊದಲು ಪಾದ, ಆಮೇಲೆ ಮಂಡಿ, ಹೀಗೆ ಮೆಲ್ಲಮೆಲ್ಲಗೆ ಕಾಣಿಸಿಕೊಳ್ಳುವ ಮೂರ್ತಿ. ಪುಟ್ಟಿ ನನ್ನ ಕೈ ಹಿಡಿದುಕೊಂಡು ನಿಂತಳು.

ಕಂಬಗಳಿರುವುದು ಅದರ ಮುಂದಿನ ನವರಂಗದಲ್ಲಿ. ಕಪ್ಪಗೆ, ಎಣ್ಣೆ ಹಚ್ಚಿದ ಹಾಗೆ ಮಿರಮಿರ. ಇದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಕೆತ್ತಲು ಬಗ್ಗುತ್ತದೆ, ಹೊಯ್ಸಳರ ಶಿಲ್ಪಿಗಳಿಗೆ ಇದು ಪ್ರಿಯವಾದದ್ದು ಅದಕ್ಕೇ. ಚನ್ನಪಟ್ಟಣದಲ್ಲಿ ಬುಗುರಿ ಕಡೆಯುವುದನ್ನು ನೀವು ನೋಡಿರಬಹುದು. ತಿರುಗುವ ಮರಕ್ಕೆ ಉಳಿ ಒಡ್ಡಿದರೆ ಸುತ್ತಲೂ ಉಂಗುರ ಬೀಳುತ್ತದೆ. ಇಲ್ಲಿ ಹಾಗೆ ಕಡೆದಿರುವುದು ಕಲ್ಲನ್ನು. ಒಂದೊಂದು ಕಂಬದ ಮೈಯಲ್ಲೂ ಗಂಟೆಯ ಹಾಗೆ ಉಬ್ಬು, ಅದರ ಕೆಳಗೆ ಕೊರಳಿನ ಹಾಗೆ ತಗ್ಗು, ಮತ್ತೆ ಚಕ್ರದಂಥ ಅಂಚು, ಮತ್ತೆ ತಗ್ಗು. ಕಡೆದದ್ದಾದ ಮೇಲೆ ಉಜ್ಜಿದ್ದಾರೆ. ಎಷ್ಟು ದಿನ, ಎಷ್ಟು ಜನ ಉಜ್ಜಿದರೋ!

ಬಾಗಿಲ ಬಳಿ ಕೂತಿದ್ದ ಹಿರಿಯ ಕಾವಲುಗಾರರು ಎದ್ದು ಬಂದರು. "ಬಾ ಮಗಾ, ಇಲ್ಲಿ ನಿಂತ್ಕೋ. ಮುಟ್ಟಬಾರ್ದು, ಕೈಯಿನ ಜಿಡ್ಡು ಹತ್ತುತ್ತೆ. ಬೆಳಕಿಗೆ ಅಡ್ಡ ನಿಲ್ಲಬೇಡ. ಈಗ ಈ ಉಬ್ಬಿನಲ್ಲಿ ನೋಡು."

ಪುಟ್ಟಿ ನೋಡಿದಳು. ಬಿಳಿ ಫ್ರಾಕಿನ ಒಬ್ಬ ಪುಟಾಣಿ ಪುಟ್ಟಿ, ಹೆಬ್ಬೆರಳಷ್ಟು, ಕಲ್ಲಿನೊಳಗೆ ನೆಟ್ಟಗೆ ನಿಂತಿದ್ದಳು. ಅವಳ ಹಿಂದೆ ಬಾಗಿಲು, ಬಾಗಿಲಾಚೆ ಅಂಗಳದ ಬೆಳಕು, ಪಕ್ಕದಲ್ಲಿ ನಾನು, ಕಾವಲಿನ ಅಜ್ಜ, ಎಲ್ಲರೂ ಒಟ್ಟಿಗೆ ತುಂಬಿಕೊಂಡಿದ್ದೆವು.

"ಈಗ ಅದರ ಕೆಳಗಿನ ತಗ್ಗಿನಲ್ಲಿ ನೋಡು."

ಅಲ್ಲಿ ಇನ್ನೊಬ್ಬ ಪುಟ್ಟಿ ತಲೆಕೆಳಗಾಗಿ ನೇತಾಡುತ್ತಿದ್ದಳು! ಇವಳು ಕುಣಿದರೆ ಮೇಲಿನವಳು ಮೇಲಕ್ಕೆ ಹಾರುತ್ತಾಳೆ, ಕೆಳಗಿನವಳು ಕೆಳಕ್ಕೆ ಬೀಳುತ್ತಾಳೆ. ಒಂದೇ ಕಂಬ, ಒಂದೇ ಕಲ್ಲು, ನಾಲ್ಕು ಬೆರಳು ಅಂತರದಲ್ಲಿ ಇಬ್ಬರು. ಬಸದಿಯಲ್ಲಿ ಸದ್ದು ಮಾಡಬಾರದೆಂಬುದು ಮರೆತು ಪುಟ್ಟಿ ಕಿಲಕಿಲ ನಕ್ಕಳು. ಅಜ್ಜ ಏನೂ ಅನ್ನಲಿಲ್ಲ. ಎಷ್ಟು ವರ್ಷದಿಂದ ತೋರಿಸುತ್ತಿದ್ದರೋ, ಅವರಿಗೆ ಇನ್ನೂ ಬೇಸರ ಬಂದಂತಿರಲಿಲ್ಲ.

ಇಲ್ಲಿ ಮಾಯೆಯೇನೂ ಇಲ್ಲ. ಕಂಬದ ಪ್ರತಿಯೊಂದು ತುಣುಕನ್ನೂ ಒಂದು ಚಿಕ್ಕ ಮಟ್ಟಸ ಕನ್ನಡಿ ಎಂದುಕೊಳ್ಳಿ. ಆ ತುಣುಕು ಎತ್ತ ಮುಖ ಮಾಡಿದೆ ಎಂದು ಮಾತ್ರ ಕೇಳಿ. ಉಬ್ಬಿನ ಮೇಲುಭಾಗ ಮೇಲಕ್ಕೆ ಮುಖ ಮಾಡಿರುತ್ತದೆ, ಅದರಲ್ಲಿ ನಿಮ್ಮ ತಲೆ, ಚಾವಣಿ ಕಾಣುತ್ತವೆ. ಕೆಳಭಾಗ ಕೆಳಕ್ಕೆ ಮುಖ ಮಾಡಿರುತ್ತದೆ, ಅದರಲ್ಲಿ ಕಾಲು, ನೆಲ. ತಲೆ ಮೇಲೆ, ಕಾಲು ಕೆಳಗೆ, ಹಾಗಾಗಿ ನೇರ ಬಿಂಬ. ಚಾವಣಿಯಿಂದ ನೆಲದವರೆಗೆ ಎಲ್ಲವೂ ಅಷ್ಟು ಚಿಕ್ಕ ಜಾಗದಲ್ಲಿ ಹಿಡಿಯಬೇಕಾದ್ದರಿಂದ ಎಲ್ಲರೂ ಕುಗ್ಗುತ್ತೇವೆ. ಇದೇ ಪೀನ ದರ್ಪಣ. ಬೈಕಿನ ಕನ್ನಡಿ, ಘಾಟಿ ರಸ್ತೆಯ ತಿರುವಿನಲ್ಲಿ ನೆಟ್ಟ ದುಂಡು ಕನ್ನಡಿ ಎಲ್ಲ ಈ ಜಾತಿ. ಹೆಚ್ಚು ರಸ್ತೆ ಕಾಣುತ್ತದೆ, ಆದರೆ ಹಿಂದಿನ ಲಾರಿ ಇರುವುದಕ್ಕಿಂತ ಚಿಕ್ಕದಾಗಿ, ದೂರ ಇದ್ದಂತೆ ತೋರುತ್ತದೆ. ನಂಬಿ ಮೋಸ ಹೋಗಬಾರದು.

ತಗ್ಗಿನಲ್ಲಿ ಇದರ ತಿರುವುಮುರುವು. ತಗ್ಗಿನ ಮೇಲಂಚು ಕೆಳಕ್ಕೆ ಬಾಗಿ ನೋಡುತ್ತದೆ, ಅದರಲ್ಲಿ ಕಾಣುವುದು ನಿಮ್ಮ ಕಾಲು. ಕೆಳಂಚು ಮೇಲಕ್ಕೆ ನೋಡುತ್ತದೆ, ಅದರಲ್ಲಿ ನಿಮ್ಮ ತಲೆ. ಮೇಲೆ ಕಾಲು, ಕೆಳಗೆ ತಲೆ! ನಿಮ್ನ ದರ್ಪಣ ತಲೆಕೆಳಗು ಮಾಡುವುದು ಹೀಗೆ. ತೀರಾ ಹತ್ತಿರ ಹೋದರೆ ಮಾತ್ರ ಈ ಆಟ ನಡೆಯುವುದಿಲ್ಲ. ತಗ್ಗು ಯಾವ ವೃತ್ತದ ತುಂಡೋ ಆ ವೃತ್ತದ ತ್ರಿಜ್ಯದ ಅರ್ಧ ದೂರದಲ್ಲಿ ಸಂಗಮ ಬಿಂದು ಇರುತ್ತದೆ. ಅದರೊಳಗೆ ಬಂದ ವಸ್ತು ನೇರವಾಗಿ, ದೊಡ್ಡದಾಗಿ ಕಾಣುತ್ತದೆ. ಗಡ್ಡ ಹೆರೆಯುವ ಉಬ್ಬುಮುಖ ತೋರಿಸುವ ಕನ್ನಡಿ, ಹಲ್ಲಿನ ಡಾಕ್ಟರರ ಪುಟ್ಟ ಕನ್ನಡಿ ಕೆಲಸ ಮಾಡುವುದು ಹೀಗೆಯೇ. ಕಂಬದ ತಗ್ಗು ನಾಲ್ಕು ಸೆಂಟಿಮೀಟರ್ ತ್ರಿಜ್ಯದ್ದಾದರೆ ಸಂಗಮ ಎರಡೇ ಸೆಂಟಿಮೀಟರ್ ದೂರ. ನಾವು ಎಲ್ಲಿ ನಿಂತರೂ ಅದರಾಚೆಗೇ.

ಇಷ್ಟನ್ನು ಪುಟ್ಟಿಗೆ ಹೇಳಿ, ಹೆಮ್ಮೆಯಿಂದ ಒಂದು ಮಾತು ಸೇರಿಸಿದೆ. "ತಲೆಕೆಳಗಾದವಳಿಗೆ ಎಡಬಲವೂ ಅದಲುಬದಲಾಗಿರುತ್ತೆ. ಸೌಟಿನಲ್ಲಿ ಹಂಗೇ ಆಗೋದು."

ಪುಟ್ಟಿಯ ಬಲಗೈಯಲ್ಲಿ ಜಾತ್ರೆಯ ಕೆಂಪು ಬಳೆ ಇತ್ತು. ಕೈ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. "ಇಲ್ಲಪ್ಪಾ. ಬಳೆ ಇದೇ ಕಡೆ ಇದೆ."

"ಸೌಟಿನಲ್ಲಿ ಬೇರೆ ಕಡೆ ಬರುತ್ತೆ ಪುಟ್ಟಿ. ಸರಿಯಾಗಿ ನೋಡು."

ಬಾಯಿಂದ ಬಂದ ಮೇಲೆ ಗೊತ್ತಾಯಿತು ಯಾವ ಮಾತು ಆಡಿದೆ ಎಂದು. ಪುಟ್ಟಿಯ ಕೈ ನಿಧಾನ ಕೆಳಗಿಳಿಯಿತು. ನಗು ಹೋಯಿತು. ಕಂಬದ ಪುಟ್ಟಿಯರಿಬ್ಬರೂ ಸುಮ್ಮನೆ ನಿಂತರು, ಒಬ್ಬಳು ನೇರ, ಒಬ್ಬಳು ತಲೆಕೆಳಗೆ.

ಮಂಡಿಯೂರಿ ಅವಳ ಪಕ್ಕ ಕೂತು, ಅವಳ ಎತ್ತರದಿಂದಲೇ ನೋಡಿದೆ. ನಿಂತಲ್ಲಿಂದ ನಾನು ನೋಡಿಯೇ ಇರಲಿಲ್ಲ, ಪುಸ್ತಕದಲ್ಲಿ ಓದಿದ್ದನ್ನು ಹೇಳಿದ್ದೆ ಅಷ್ಟೆ. "ಇನ್ನೊಂದ್ಸಲ ಕೈ ಎತ್ತು ಕಂದಾ." ಎತ್ತಿದಳು. ತಲೆಕೆಳಗಾದ ಪುಟ್ಟಿಯ ಕೆಂಪು ಬಳೆ, ಮೇಲಿನ ನೇರ ಪುಟ್ಟಿಯ ಕೆಂಪು ಬಳೆಯ ಸರಿಯಾಗಿ ಕೆಳಗೆ ಇತ್ತು. ಬಲಗಡೆಯೇ. ಅದಲುಬದಲು ಆಗಿರಲಿಲ್ಲ.

"ನೀನು ಹೇಳಿದ್ದೇ ಸರಿ. ನಾನು ನೋಡದೆ ಹೇಳಿದೆ. ತಪ್ಪಾಯ್ತು," ಎಂದೆ. ಅವಳು ನನ್ನ ಮುಖ ನೋಡಿದಳು, ನಂಬಬೇಕೋ ಬೇಡವೋ ಎಂಬ ಹಾಗೆ.

ಯಾಕೆ ಹೀಗೆ ಎಂದು ಯೋಚಿಸುತ್ತ ಬಸದಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತೆವು. ಹೊಳೆದಾಗ ನಗು ಬಂತು. ಸೌಟಿನ ಒಳಮೈ ಎಲ್ಲ ಕಡೆಯಿಂದಲೂ ತಗ್ಗು. ಮೇಲಂಚು ಕೆಳಕ್ಕೆ ನೋಡುವ ಹಾಗೆ ಬಲ ಅಂಚು ಎಡಕ್ಕೆ ನೋಡುತ್ತದೆ. ಅದಕ್ಕೇ ಅಲ್ಲಿ ಮೇಲೂ ಕೆಳಗಾಗುತ್ತದೆ, ಎಡವೂ ಬಲವಾಗುತ್ತದೆ. ಕಂಬದ ತಗ್ಗು ಹಾಗಲ್ಲ. ಮೇಲಿಂದ ಕೆಳಗೆ ನೋಡಿದರೆ ಅದು ತಗ್ಗು, ಸರಿ. ಆದರೆ ಅಡ್ಡಡ್ಡಕ್ಕೆ ನೋಡಿದರೆ? ಕಂಬ ದುಂಡಗಿದೆ! ಅಡ್ಡಕ್ಕೆ ಅದು ಉಬ್ಬೇ. ಬಲ ಭಾಗ ಬಲಕ್ಕೇ ನೋಡುತ್ತದೆ. ಒಂದು ದಿಕ್ಕಿಗೆ ನಿಮ್ನ, ಇನ್ನೊಂದು ದಿಕ್ಕಿಗೆ ಪೀನ, ಕುದುರೆಯ ಜೀನಿನ ಹಾಗೆ. ನನ್ನ ಪಾಠದ ಪುಸ್ತಕದಲ್ಲಿ ಬರೀ ನಿಮ್ನ, ಬರೀ ಪೀನ ಎರಡೇ ಇದ್ದವು, ಇದಿರಲಿಲ್ಲ. ಪುಟ್ಟಿ ಪುಸ್ತಕ ಓದದೆ ಬಳೆ ನೋಡಿದ್ದಳು.

ಹೊರಡುವಾಗ ಅಜ್ಜನಿಗೆ ಅವಳೇ ಇದನ್ನು ವಿವರಿಸಿದಳು. "ಹೌದಾ ಮಗಾ? ಇಷ್ಟು ದಿನ ನಾನೂ ಬಳೆ ನೋಡಿರಲಿಲ್ಲ," ಎಂದರು ಅವರು.

ಹಾಸನ ಸೇರಿದಾಗ ದೀಪ ಹಚ್ಚುವ ಹೊತ್ತು. ಅಕ್ಕನಿಗೆ ವರದಿ ಒಪ್ಪಿಸಿದ ಮೇಲೆ ಪುಟ್ಟಿ ಅಡುಗೆಮನೆಯಲ್ಲಿ ಸುತ್ತು ಹಾಕತೊಡಗಿದಳು. ನೀರಿನ ಸ್ಟೀಲ್ ಚೊಂಬಿನ ಮುಂದೆ ನಿಂತವಳು ಕೂಗಿಕೊಂಡಳು. "ಅತ್ತೇ, ಕಂಬ ಇಲ್ಲೇ ಇದೆ!"

ಹೌದಲ್ಲ! ಚೊಂಬಿನ ಹೊಟ್ಟೆ ಉಬ್ಬು. ಅದರ ಮೇಲಿನ ಕೊರಳು ಮೇಲಿಂದ ಕೆಳಕ್ಕೆ ತಗ್ಗು, ಸುತ್ತಲೂ ದುಂಡು. ಹಳೇಬೀಡಿನ ಕಂಬವೇ, ಸಣ್ಣ ಪ್ರಮಾಣದಲ್ಲಿ. ಹೊಟ್ಟೆಯಲ್ಲಿ ನೇರ ಪುಟ್ಟಿ, ಕೊರಳಿನಲ್ಲಿ ತಲೆಕೆಳಗಾದ ಪುಟ್ಟಿ, ಇಬ್ಬರ ಬಳೆಯೂ ಒಂದೇ ಕಡೆ. ಪಕ್ಕದಲ್ಲಿ ಹೊಳೆಯುವ ಸೌಟು ಹಿಡಿದರೆ ಅದರೊಳಗಿನ ಪುಟ್ಟಿಯ ಬಳೆ ಮಾತ್ರ ಆಚೆ ಕಡೆ. ನಿಮ್ಮ ಮನೆಯಲ್ಲೂ ಚೊಂಬು ಸೌಟು ಇರುತ್ತವೆ, ಇವತ್ತೇ ನೋಡಿ. ಹುಣಸೆಹಣ್ಣು ಹಾಕಿ ಉಜ್ಜಿದ ಹಿತ್ತಾಳೆ ಚೊಂಬಾದರೆ ಇನ್ನೂ ಚೆಂದ.

"ಅಕ್ಷರ ಹಿಡಿದ್ರೆ ಏನಾಗುತ್ತೆ?" ಎಂದಳು ಅಕ್ಕ, ಒಗ್ಗರಣೆ ಹಾಕುತ್ತಲೇ, ಯಾರನ್ನೂ ನೋಡದೆ.

ಮನೆಯಲ್ಲಿ ಒಂದು ಗಳಿಗೆ ಸದ್ದಿಲ್ಲ. ನಾನು ಉಸಿರು ಬಿಗಿ ಹಿಡಿದಿದ್ದೆ. ಪುಟ್ಟಿ ಹೋಗಿ ಹಳೇ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಅಕ್ಕನ ಮಾರ್ಕರಿನಿಂದ ಅಂಗೈಯಗಲದ ಒಂದು 3 ಬರೆದಳು. ಮೂರು ವಾರದ ನಂತರ ಬರೆದ ಮೊದಲ ಅಂಕೆ. ಅದು ಎಡಕ್ಕೆ ಉಬ್ಬಿತ್ತು. ನಾನು ಏನೂ ಹೇಳಲಿಲ್ಲ. ಬೀರುವಿನ ಕನ್ನಡಿಗೆ ತೋರಿಸಿದಳು, ಸರಿಯಾದ 3. ಸೌಟಿಗೆ ತೋರಿಸಿದಳು, ಹಿಂದುಮುಂದು. ಚೊಂಬಿನ ಕೊರಳಿಗೆ ತೋರಿಸಿದಳು, ಚಪ್ಪಟೆಯಾಗಿ ಅಗಲಿಸಿದ, ಆದರೆ ಸರಿಯಾದ 3.

"ಸೌಟಿಗೆ ಇಷ್ಟ ಆಗಬೇಕಾದ್ರೆ ಈ ಕಡೆ ಬರೀಬೇಕು," ಎಂದು ಇನ್ನೊಂದು ಬರೆದಳು. ಅದು ಬಲಕ್ಕೆ ಉಬ್ಬಿತ್ತು. ಸೌಟಿನಲ್ಲಿ ಆ 3 ಹಾಗೇ 3 ಆಗಿ ಕಂಡಿತು.

ಆಮೇಲೆ ಹೆಸರು ಬರೆದಳು. ಅದಕ್ಕೆ ಹೊಸ ತೊಡಕು. 3ಕ್ಕೆ ಮೇಲೂ ಕೆಳಗೂ ಒಂದೇ ರೂಪ, 'ಪುಟ್ಟಿ'ಗೆ ಹಾಗಲ್ಲ. ಹಾಳೆಯನ್ನು ಹೇಗೆ ಹಿಡಿದರೆ ಚೊಂಬಿನ ಕೊರಳಿನಲ್ಲಿ ಓದಬಹುದು? ತಿರುಗಿಸಿ, ಮುರುಗಿಸಿ, ಕೊನೆಗೆ ಹಾಳೆಯನ್ನು ಪೂರ್ತಿ ತಲೆಕೆಳಗಾಗಿ ಹಿಡಿದಳು. ಕೊರಳಿನೊಳಗೆ 'ಪುಟ್ಟಿ' ಎಂದು ನೆಟ್ಟಗೆ, ಎಡದಿಂದ ಬಲಕ್ಕೆ, ಸ್ಪಷ್ಟವಾಗಿ ಓದಲು ಬಂತು. ಬೀರುವಿನ ಕನ್ನಡಿ ಮಾಡಲಾರದ ಕೆಲಸವನ್ನು ಚೊಂಬು ಮಾಡಿತ್ತು. ಮೇಲು ಕೆಳಗನ್ನು ನಾವು ತಿರುಗಿಸಿದೆವು, ಅದು ಮತ್ತೆ ತಿರುಗಿಸಿ ಸರಿಮಾಡಿಕೊಂಡಿತು. ಆ ರಾತ್ರಿ ಕ್ಯಾಲೆಂಡರಿನ ಆರು ತಿಂಗಳು ಖಾಲಿಯಾದವು. ಊಟಕ್ಕೆ ಸೌಟು ಸಿಗದೆ ಅಕ್ಕ ಲೋಟದಲ್ಲೇ ಸಾರು ಬಡಿಸಿದಳು.

ಮರುದಿನ ಬೆಂಗಳೂರಿಗೆ ಹೊರಡುವ ಬಸ್ಸು. ಮತ್ತೆ ಡ್ರೈವರ್ ಹಿಂದಿನ ಸೀಟೇ. ಕಂಡಕ್ಟರ್ ಇನ್ನೂ ಟಿಕೆಟ್ ಹರಿಯುತ್ತಿದ್ದರು, ಬಸ್ಸು ನಿಂತೇ ಇತ್ತು. ಪುಟ್ಟಿ ತೊಡೆಯ ಮೇಲೆ ಹಾಳೆಯಿಟ್ಟು, ನಾಲಿಗೆಯ ತುದಿ ಕಚ್ಚಿಕೊಂಡು ನಿಧಾನವಾಗಿ ಏನೋ ಬರೆದಳು. ನಾನು ಇಣುಕಿದೆ, ಓದಲಾಗಲಿಲ್ಲ. ಅಕ್ಷರಗಳೆಲ್ಲ ಬಲದಿಂದ ಎಡಕ್ಕೆ, ಒಂದೂ ಬಿಡದೆ ಹಿಂದುಮುಂದು. ಅವಳು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಡ್ರೈವರ್ ತಲೆಯ ಮೇಲಿನ ಕನ್ನಡಿಯ ಕಡೆಗೆ ಎತ್ತಿದಳು.

ಡ್ರೈವರ್ ಕಣ್ಣೆತ್ತಿ ನೋಡಿದರು. ಹುಬ್ಬು ಗಂಟಿಕ್ಕಿತು, ತುಟಿ ಅಲ್ಲಾಡಿತು.

"ಮಾಮ... ಹಾರನ್... ಹೊಡಿ," ಎಂದು ಓದಿ, ನಕ್ಕು, ಎರಡು ಸಲ ಹೊಡೆದರು.